ಡಬ್ಬು ಹಾಕಿದ ಗ್ಲಾಸು

ಆಕೆ ಚಹಾ ಸುರಿಯುತ್ತಿದ್ದದ್ದು ಕಿವಿಯಿಂದ. ಎಡಗೈಯಲ್ಲಿ ಗ್ಲಾಸು, ಬಲಗೈಯಲ್ಲಿ ಕಿಟ್ಲಿ, ಮುಖ ಮಾತ್ರ ರಸ್ತೆಯ ಕಡೆ. ಗ್ಲಾಸು ತುಂಬುತ್ತ ಬಂದ ಹಾಗೆ ಸದ್ದು ತೆಳ್ಳಗಾಗುತ್ತದೆ ಎನ್ನುತ್ತಿದ್ದಳು. ಬೆರಳಗಲ ಉಳಿದಾಗ ಕೈ ತಾನಾಗಿ ನಿಲ್ಲುತ್ತಿತ್ತು. ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು, ಎದುರಿಗೆ ನಿಂತವರು ಮಂಜಿನೊಳಗಿನ ಕಂಬದಂತೆ ಕಾಣುತ್ತಿದ್ದ ಆ ಎರಡು ವರ್ಷಗಳಲ್ಲೂ ಒಂದು ಹನಿ ಚಹಾ ಹೊರಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಕಳೆದ ವಾರ ಆಕೆ ತೀರಿಕೊಂಡಳು. ಸೊಸೆ ಆಳಂದದಿಂದ ಫೋನು ಮಾಡಿದಾಗ ನಾನು ಜೇವರ್ಗಿಯ ಲ್ಯಾಬಿನಲ್ಲಿ ಒಬ್ಬರ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. "ಆಯಿ ಹ್ವಾದಳ್ರಿ ಮೇಡಂ. ಮುಂಜಾನಿ ಒಲಿ ಹಚ್ಚಿ ಕುಂತಾಕಿ, ಹಂಗೇ ಗ್ವಾಡಿಗಿ ತಲಿ ಆನಿಸಿದ್ಲು," ಎಂದಳು. ನಾನು ರಕ್ತ ತೆಗೆದು, ಹೆಸರು ಬರೆದ ಚೀಟಿ ಅಂಟಿಸಿ, ಮುಂದಿನವರನ್ನು ಕರೆದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಿಂದಿನ ಮನೆಯಲ್ಲಿ ಯಾರೋ ನಳ ಬಿಟ್ಟು ಮರೆತಿದ್ದರು. ಕೊಡ ತುಂಬಿ ಹೊರಚೆಲ್ಲುವ ಸದ್ದು ಕೇಳಿಸಿತು. ಅನ್ನದ ತಟ್ಟೆ ಸರಿಸಿ ಎದ್ದುಬಿಟ್ಟೆ. ಎರಡು ವರ್ಷವಾದರೂ ಆ ಸದ್ದು ಕೇಳಿದಾಗಲೆಲ್ಲ ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ.

ಆಕೆಯ ಹೆಸರು ಬರೆಯುವುದಿಲ್ಲ. ಕೋರ್ಟಿನ ಕಾಗದಗಳಲ್ಲಿ ಬರೆದದ್ದೇ ಸಾಕು. ಓಣಿಗೆಲ್ಲ ಆಕೆ ಆಯಿ. ಗಿಡ್ಡ ದೇಹ, ಕಚ್ಚೆ ಹಾಕಿ ಉಟ್ಟ ಸೀರೆ, ಮುಂಗೈ ಮೇಲೆ ಈಚಲ ಗಿಡದ ಹಚ್ಚೆ. ಗಂಡ ಈಚಲ ಗಿಡ ಹತ್ತಿ ಸೇಂದಿ ಇಳಿಸುತ್ತಿದ್ದನಂತೆ. ಮದುವೆಯಾದ ವರ್ಷ ಕರಜಗಿಯಿಂದ ಆಳಂದಕ್ಕೆ ಬಂದವಳು, ಆ ಹಚ್ಚೆ ಹಾಕಿಸಿಕೊಂಡು ಅವನ ಸೇಂದಿ ಅಂಗಡಿಯ ಹಲಗೆಯ ಹಿಂದೆ ಕುಳಿತಳು. ಗಂಡ ಹೋದ ಮೇಲೂ ಕುಳಿತಳು. ಸರ್ಕಾರ ಸೇಂದಿ ಬಂದ್ ಮಾಡಿದ ಮೇಲೆ ಅದೇ ಹಲಗೆಯ ಮೇಲೆ ಚಹಾದ ಗ್ಲಾಸು ಇಟ್ಟಳು.

ನಾನು ಆ ಓಣಿಗೆ ಬಾಡಿಗೆಗೆ ಬಂದಾಗ ಆಕೆ ಚಹಾದಂಗಡಿಯ ಮುದುಕಿಯಷ್ಟೇ. ನನ್ನ ಊರು ಕಿಣ್ಣಿ ಸುಲ್ತಾನ. ಬಿ.ಎಸ್ಸಿ. ಮುಗಿಸಿ, ಲ್ಯಾಬಿನ ಕೋರ್ಸು ಮಾಡಿ, ಆಳಂದದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದ್ದೆ. ಅಂಗಡಿಯ ಎದುರಿನ ಮನೆಯ ಮಾಳಿಗೆ ಕೋಣೆ ನನ್ನದು. ಕೆಳಗೆ ನಳ. ನಾಲ್ಕು ದಿನಕ್ಕೊಮ್ಮೆ ನೀರು. ನಳದ ಪಕ್ಕದಲ್ಲೇ ಆಕೆಯ ಕಟ್ಟೆ.

ಮೊದಲ ದಿನ ಚಹಾ ಕುಡಿಯಲು ಹೋದಾಗ ಹಲಗೆಯ ತುದಿಯಲ್ಲಿ ಒಂದು ಗ್ಲಾಸು ಬಾಯಿ ಕೆಳಗಾಗಿ ಡಬ್ಬು ಬಿದ್ದಿತ್ತು. ತೊಳೆದು ಒಣಗಲು ಇಟ್ಟದ್ದಿರಬೇಕೆಂದು ಅದನ್ನೇ ಎತ್ತಿ ಮುಂದೆ ಚಾಚಿದೆ. ಬೆಂಚಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸಿದರು.

"ಅದು ನಿಂದಲ್ಲ ಬೇ," ಎಂದಳು ಆಕೆ. "ಅದು ಮಾಸ್ತರಂದು. ಇದ್ದಲ್ಲೇ ಇಡು."

ಮಾಸ್ತರ ಎಂಬ ಆ ನಿವೃತ್ತ ಶಿಕ್ಷಕರು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಗಿನ ಒಂದು ಚಹಾ ಆಗಿತ್ತು. ಗ್ಲಾಸು ಡಬ್ಬು ಬಿದ್ದಿತ್ತು. ಇನ್ನು ಆ ದಿನಕ್ಕೆ ಅವರಿಗೆ ಚಹಾ ಇಲ್ಲ. ಹತ್ತಿರದ ಬೇರೆ ಅಂಗಡಿಯವರೂ ಕೊಡುವುದಿಲ್ಲ. ಆಯಿ ಡಬ್ಬು ಹಾಕಿದಳು ಎಂದರೆ ಮುಗಿಯಿತು.

ಸೇಂದಿ ಕಾಲದ ಪದ್ಧತಿ ಅದು. ದಿನಾ ಬರುವವರಿಗೆ ಒಂದೊಂದು ಗ್ಲಾಸು. ಮಾತು ಎಳೆಯತೊಡಗಿದರೆ, ಬೀಡಿಯ ಬೆಂಕಿ ಬೆರಳಿಗೆ ಬಂದರೂ ಗೊತ್ತಾಗದಿದ್ದರೆ, ಹೆಂಡತಿಯ ಹೆಸರೆತ್ತಿ ಅಳಲು ಶುರುಮಾಡಿದರೆ ಆಕೆ ಎದ್ದು ಅವನ ಗ್ಲಾಸನ್ನು ಹಲಗೆಯ ಮೇಲೆ ಡಬ್ಬು ಹಾಕುತ್ತಿದ್ದಳು. ಬೈಗುಳವಿಲ್ಲ, ತಳ್ಳಾಟವಿಲ್ಲ. "ನಿಂದು ಆತು. ಮನಿಗಿ ನಡಿ." ಅಷ್ಟೇ. ಒಬ್ಬ ದರ್ಜಿ ಒಮ್ಮೆ ತಕರಾರು ಮಾಡಿದನಂತೆ. "ಕೈ ನೋಡ್ಕೋಲೇ, ನಡಗಾಕತ್ತಾವ. ನಾಳಿ ಯಾರ ಅಂಗಿ ತೋಳು ಉದ್ದ, ಯಾರ್ದು ಗಿಡ್ಡ ಮಾಡ್ತಿಯೋ," ಎಂದಳಂತೆ. ಓಣಿಯಲ್ಲಿ ಈಗಲೂ ಯಾರದಾದರೂ ಅಂಗಿ ಸರಿ ಕೂರದಿದ್ದರೆ "ಡಬ್ಬು ಹಾಕೋ ಮುಂಚೆ ಹೊಲಿಸಿದ್ದೋ, ಆಮ್ಯಾಲೋ?" ಎಂದು ಕೇಳುತ್ತಾರೆ. ಸರ್ಕಲ್ಲಿನ ಪೊಲೀಸಪ್ಪನ ಗ್ಲಾಸನ್ನೂ ಒಂದು ಸಲ ಡಬ್ಬು ಹಾಕಿದ್ದಳು. ಅವನು ಟೋಪಿ ತೆಗೆದುಕೊಂಡು ಎದ್ದುಹೋದನಂತೆ.

ನನ್ನ ಲ್ಯಾಬಿನ ಕೆಲಸ ಗೊತ್ತಾದ ಮೇಲೆ ಆಕೆ ಆ ಪದ್ಧತಿಗೆ ನನ್ನನ್ನೂ ಸೇರಿಸಿಕೊಳ್ಳಲು ನೋಡಿದಳು.

"ಮೇಡಂ, ಮಾಸ್ತರಗ ಸಕ್ಕರಿ ಎಷ್ಟ ಬಂತು?"

"ಹಂಗೆಲ್ಲ ಹೇಳಬಾರದು ಆಯಿ. ಅವರ ರಿಪೋರ್ಟು ಅವರಿಗೆ."

"ಎಷ್ಟ ಅಂತ ಹೇಳಬ್ಯಾಡ. ಡಬ್ಬು ಹಾಕ್ಲೋ ಬ್ಯಾಡೋ, ಅಷ್ಟ ಹೇಳು."

ನಾನು ಮಾತಾಡಲಿಲ್ಲ. ಆಕೆ ಒಂದು ಕ್ಷಣ ಕಿವಿಗೊಟ್ಟು ಕುಳಿತಳು. ಆಮೇಲೆ ಕೈಯಾಡಿಸಿ ಮಾಸ್ತರ ಗ್ಲಾಸು ಹುಡುಕಿ ಡಬ್ಬು ಹಾಕಿದಳು. "ಸುಮ್ಮನಿದ್ಯಲ್ಲ. ತಿಳೀತು."

ಅದು ಆಕೆಯ ಇನ್ನೊಂದು ಗುಣ. ಸುಮ್ಮನಿದ್ದವರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಸೇಂದಿಯನ್ನು ಆಕೆ ಹೊಗಳಿದ್ದು ನನಗೆ ನೆನಪಿಲ್ಲ. ಹಳೆಯ ಗಿರಾಕಿಗಳು "ಆಗಿನ ಸೇಂದಿ ಅಂದ್ರ ಹಾಲಿದ್ದಂಗ" ಎಂದು ಶುರುಮಾಡಿದರೆ ತಡೆಯುತ್ತಿದ್ದಳು. "ಯಾವ ಹಾಲಲೇ? ಕಡೀಕಡೀಗಿ ಪೌಡರ್ ಕಲಸಿದ್ದೇ ಬರ್ತಿತ್ತು. ನಾನೂ ಮಾರೀನಿ. ಸುಳ್ಳ್ಯಾಕ ಹೇಳ್ತೀರಿ?" ಮತ್ತು ಬರಿಸುವ ಆ ಬಿಳಿ ಪುಡಿಯ ವಿಷಯ ಬಂದಾಗ ಆಕೆಯ ದನಿ ಕುಗ್ಗುತ್ತಿತ್ತು. ಬಂದ್ ಆದ ಮೂರನೆಯ ವರ್ಷ ಆಕೆಯ ಮಗ ಅದರಿಂದಲೇ ಸತ್ತ. ಅಂಗಡಿ ಇರಲಿಲ್ಲ, ಸೇಂದಿಯೂ ಇರಲಿಲ್ಲ. ನೀರಿಗೆ ಪುಡಿ ಕಲಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೈಕಿನ ಮೇಲೆ ತಂದು ಕೊಡುತ್ತಿದ್ದರು. ಅವನು ಹಾಳು ಬಾವಿಯ ಹತ್ತಿರ ಒಬ್ಬನೇ ಕುಳಿತು ಎಷ್ಟು ಚೀಲ ಕುಡಿದನೋ.

"ನನ್ನ ಅಂಗಡ್ಯಾಗ ಕುಂತಿದ್ರ ಎರಡನೇದಕ್ಕ ಡಬ್ಬು ಹಾಕ್ತಿದ್ದೆ," ಎಂದಳು ಒಮ್ಮೆ. "ಪ್ಲಾಸ್ಟಿಕ್ ಚೀಲ ಯಾರು ಡಬ್ಬು ಹಾಕವ್ರು?"

ನಾನು ಓದಿದವಳು. ಆಗ ವಾದ ಮಾಡಿದೆ. ಬಂದ್ ಮಾಡದೆ ಬಿಟ್ಟಿದ್ದರೆ ಇನ್ನೂ ಎಷ್ಟು ಜನ ಸಾಯುತ್ತಿದ್ದರು ಎಂದೆ. ಆಕೆ ಅಲ್ಲವೆನ್ನಲಿಲ್ಲ.

"ಇರಬಹುದು. ನಾ ಎಣಿಸಿಲ್ಲ. ನನಗ ಗೊತ್ತಿರೋದು ಇಷ್ಟ. ಆವಾಗ ಅಂಗಡಿಗಿ ಒಂದು ಬಾಗಲಿತ್ತು. ಯಾರು ಒಳಗ ಹೋದ್ರು, ಯಾರು ಹೊರಗ ಬಂದ್ರು, ಓಣಿಗೆಲ್ಲ ಕಾಣ್ತಿತ್ತು. ಈಗ ಬಾಗಲೇ ಇಲ್ಲ. ಓಣಿಗಿ ಓಣೀನೇ ಅಂಗಡಿ."

ಅದು ನಿಜವೆಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಪುಡಿಯ ಚೀಲದ ಜಾಗಕ್ಕೆ ಗಾಂಜಾದ ಪುಡಿಕೆ ಬಂದಿತ್ತು. ಹಳೆಯ ಸೇಂದಿ ಡಿಪೋದ ಕಾಂಪೌಂಡು ಬಿದ್ದುಹೋಗಿ ಒಂದು ಗೋಡೆ ಮಾತ್ರ ಉಳಿದಿತ್ತು. ಆ ಗೋಡೆಯ ಹಿಂದಿನ ಮೂಲೆಯನ್ನು ಎಲ್ಲರೂ "ಜಾಗ" ಎಂದಷ್ಟೇ ಕರೆಯುತ್ತಿದ್ದರು. ಜಾಗ ಒಬ್ಬನದು. ಅವನನ್ನು ಹುಡುಗರು ಅಣ್ಣ ಎನ್ನುತ್ತಿದ್ದರು. ಅವನ ಕೈಕೆಳಗೆ ಇಬ್ಬರು, ಸಂತ್ಯಾ ಮತ್ತು ರಾಜ್ಯಾ. ಇಬ್ಬರೂ ಆಯಿಯ ಬೆಂಚಿನ ಮೇಲೆ ಚಹಾ ಕುಡಿದು ಬೆಳೆದವರು. ರಾಜ್ಯಾ ಮೊದಲು ಜೀಪಿನ ಕ್ಲೀನರ್ ಆಗಿದ್ದ. ನಕ್ಕರೆ ಒಂದು ಹಲ್ಲು ಇಲ್ಲದ್ದು ಕಾಣುತ್ತಿತ್ತು. ನನ್ನ ತುಂಬಿದ ಕೊಡವನ್ನು ಕೇಳದೆಯೇ ಎತ್ತಿ ಮಾಳಿಗೆಗೆ ಇಟ್ಟು ಬರುತ್ತಿದ್ದ. ಬ್ಯಾಡ ಎಂದರೆ, "ಇರ್ಲಿ ಬಿಡ್ರಿ ಅಕ್ಕಾ, ನಿಮ್ಮ ಕೈಯಾಗ ಒಂದಿನ ನನ್ನ ರಕ್ತ ಬರಬೇಕಾದೀತು, ಸೂಜಿ ಮೆಲ್ಲಕ ಚುಚ್ಚ್ರಿ," ಎನ್ನುತ್ತಿದ್ದ.

ಗಡಿಯ ಕಡೆಯ ಯಾವುದೋ ತೊಗರಿ ಹೊಲದಲ್ಲಿ ಸಾಲುಗಳ ನಡುವೆ ಬೆಳೆದಿದ್ದ ಗಾಂಜಾ ಗಿಡ ಕಿತ್ತು ರಾಶಿ ಹಾಕಿದ ಫೋಟೋ ಒಂದು ದಿನ ಪೇಪರಿನಲ್ಲಿ ಬಂತು. ಮಾಸ್ತರು ಜೋರಾಗಿ ಓದಿದರು. ಅಣ್ಣನೂ ಸಿಕ್ಕಿಬಿದ್ದಿದ್ದ. ಬೆಂಚಿನ ಮೇಲಿದ್ದವರು ಒಳ್ಳೆಯದಾಯಿತು ಎಂದರು. ನಾನೂ ಎಂದೆ. ಆಕೆ ಮಾತ್ರ ಕಿಟ್ಲಿ ಕೆಳಗಿಟ್ಟಳು.

"ಹಿಡದ್ರು? ಹಂಗಾರ ಇನ್ನ ಓಣ್ಯಾಗ ಬಡದಾಟ."

"ಯಾಕ ಆಯಿ? ಮಾರೋವನೇ ಒಳಗ ಹೋದನಲ್ಲ," ಎಂದೆ.

"ಅಂವ ಹ್ವಾದ. ಜಾಗ ಹೋಗ್ಯದೇನು? ಮಾಲು ಕಮ್ಮಿ ಆತು, ಕೇಳೋರು ಅಷ್ಟೇ ಅದಾರ. ಇಬ್ಬರಿಗೂ ಅದೇ ಜಾಗ ಬೇಕು." ಕಿಟ್ಲಿ ಮತ್ತೆ ಎತ್ತಿಕೊಂಡು ಎಂದಳು. "ನನ್ನ ಅಂಗಡಿ ಜಾಗಾಕ ಮೈದುನ ತಂಟಿ ತೆಗದಾಗ ನಾ ಕೋರ್ಟಿಗಿ ಹೋಗಿದ್ದೆ. ಕಾಗದ ಇತ್ತು. ಇವರು ಎಲ್ಲಿ ಹೋಗ್ತಾರ? ಸಾಹೇಬ್ರ, ಇಂವ ನನ್ನ ಗಾಂಜಾದ ಜಾಗ ಕಸಗೊಂಡಾನ, ನ್ಯಾಯ ಕೊಡಸ್ರಿ ಅಂತ ಸ್ಟೇಶನ್‌ಗಿ ಹೋಗ್ತಾರೇನು?"

ಬೆಂಚಿನ ಮೇಲಿದ್ದವರು ನಕ್ಕರು. ನಾನೂ ನಕ್ಕೆ.

ಅದಾಗಿ ಎಂಟು ಹತ್ತು ದಿನ ಇರಬೇಕು. ನೀರು ಬರುವ ದಿನ. ಸಂಜೆ ನಾಲ್ಕರ ಬಿಸಿಲು. ನಾನು ರಜೆಯಲ್ಲಿದ್ದೆ. ನೀಲಿ ಪ್ಲಾಸ್ಟಿಕ್ ಕೊಡ ನಳದ ಕೆಳಗಿಟ್ಟು ನಿಂತಿದ್ದೆ. ಬಿಸಿಲಿಗೆ ಓಣಿ ಖಾಲಿ. ರಾಜ್ಯಾ ಬೆಂಚಿನ ಮೇಲೆ ಕುಳಿತಿದ್ದ. ಸಂತ್ಯಾ ಬೈಕಿನಲ್ಲಿ ಬಂದ, ಹಿಂದೆ ಒಬ್ಬ ಸಣಕಲ. ಸಣಕಲ ಬೈಕಿನ ಹತ್ತಿರವೇ ನಿಂತ. ಸಂತ್ಯಾ ಬೆಂಚಿನ ಇನ್ನೊಂದು ತುದಿಗೆ ಕುಳಿತು ಚಹಾ ಕೇಳಿದ. ಆಕೆ ಅವನ ಗ್ಲಾಸಿಗೆ ಸುರಿದು ಕೊಟ್ಟು ಒಳಗೆ ಹೋದಳು.

"ಜಾಗ ಬಿಡು ಅಂತ ಎಷ್ಟ ಸಲ ಹೇಳ್ಬೇಕಲೇ ನಿನಗ?" ಎಂದ ಸಂತ್ಯಾ.

"ನಿಮ್ಮಪ್ಪಂದೇನಲೇ ಜಾಗ? ಅಣ್ಣ ಒಳಗ ಹೋಗೋ ಮುಂದ ನನಗ ಹೇಳಿ ಹೋಗ್ಯಾನ."

"ಎಲ್ಲಿ ಬರದು ಕೊಟ್ಟಾನ, ತೋರಸು."

ರಾಜ್ಯಾ ನಕ್ಕ. ಆ ಇಲ್ಲದ ಹಲ್ಲಿನ ನಗು. ಸಂತ್ಯಾ ಅರ್ಧ ಕುಡಿದ ಗ್ಲಾಸನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟ. ನನಗೆ ಅದು ಬಹಳ ನೆನಪಿದೆ, ಚೆಲ್ಲದ ಹಾಗೆ ಇಟ್ಟದ್ದು. ಆಮೇಲೆ ಅವನ ಕೈ ಎರಡು ಸಲ ಹೋಗಿ ಬಂತು. ಗುದ್ದಿದ ಎಂದುಕೊಂಡೆ. ರಾಜ್ಯಾ ಕಟ್ಟೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಯಾರೋ ಕೂರು ಎಂದ ಹಾಗೆ ಕೂತ. ಸಂತ್ಯಾ ತಿರುಗಿದ. ಕೈಯಲ್ಲಿ ಚಾಕು. ನಮ್ಮಿಬ್ಬರ ನಡುವೆ ನಾಲ್ಕು ಹೆಜ್ಜೆ.

"ನೋಡಿದ್ಯಾ?" ಎಂದ.

ಕೊಡ ತುಂಬಿ ನೀರು ಕಾಲ ಮೇಲೆ ಚೆಲ್ಲುತ್ತಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟ.

ಆಕೆ ಒಳಗಿಂದ ಬಂದಳು. ಕೈ ಮುಂದೆ ಚಾಚಿ, ಹಲಗೆಯನ್ನು ಸವರುತ್ತ ಬಂದು, ಅವನ ಗ್ಲಾಸನ್ನು ಹುಡುಕಿದಳು. ಉಳಿದ ಚಹಾ ಕೆಳಗೆ ಚೆಲ್ಲಿ, ಗ್ಲಾಸು ಡಬ್ಬು ಹಾಕಿದಳು. ಆ ಸದ್ದಿಗೆ ಅವನು ತಿರುಗಿ ನೋಡಿದ.

"ನಿಂದು ಆತು ಸಂತ್ಯಾ. ಮನಿಗಿ ನಡಿ."

ಅವನು ಯಾಕೆ ಹೋದನೋ ನನಗೆ ಇಂದಿಗೂ ಅರ್ಥವಾಗಿಲ್ಲ. ಚಾಕು ಇದ್ದದ್ದು ಅವನ ಕೈಯಲ್ಲಿ. ಎದುರಿಗಿದ್ದದ್ದು ಕಣ್ಣು ಕಾಣದ ಮುದುಕಿ. ಅವನ ಅಪ್ಪನ ಗ್ಲಾಸು, ಅಜ್ಜನ ಗ್ಲಾಸು ಎಲ್ಲ ಆ ಹಲಗೆಯ ಮೇಲೆ ಡಬ್ಬು ಬಿದ್ದಿದ್ದವು. ಅವರೆಲ್ಲ ಎದ್ದು ಹೋಗಿದ್ದರು. ಅವನೂ ಹೋದ.

ಆಕೆ ನೀರಿನ ಸದ್ದು ಹಿಡಿದು ನನ್ನ ಹತ್ತಿರ ಬಂದು ನಳ ಬಂದ್ ಮಾಡಿದಳು. ನನ್ನ ತೋಳು ಹಿಡಿದ ಬೆರಳು ತಣ್ಣಗಿದ್ದವು. "ಮ್ಯಾಲೆ ಹೋಗು. ನೀ ನೀರಿಗಿ ಬಂದೇ ಇಲ್ಲ. ಕೊಡ ನಂದು. ಹೋಗು ಬೇ!" ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು.

ನಾನು ಹೋದೆ. ಮೆಟ್ಟಿಲು ಹತ್ತುವಾಗ ರಾಜ್ಯಾ "ಅಕ್ಕಾ" ಎಂದ ಹಾಗಾಯಿತು. ಎಂದನೋ ಇಲ್ಲವೋ. ಅದನ್ನೇ ನೂರು ಸಲ ಕೇಳಿಸಿಕೊಂಡಿದ್ದೇನೆ, ಇನ್ನೂ ತೀರ್ಮಾನವಾಗಿಲ್ಲ. ಅವನನ್ನು ಗಾಡಿಗೆ ಹಾಕುವಷ್ಟರಲ್ಲಿ ಉಸಿರು ನಿಂತಿತ್ತು.

ಪೊಲೀಸರು ಬಂದಾಗ ಓಣಿಯಲ್ಲಿ ಯಾರೂ ಏನೂ ನೋಡಿರಲಿಲ್ಲ. ಕಿಟಕಿಯ ಸಂದಿಯಿಂದ ನಾನು ಕೇಳುತ್ತಿದ್ದೆ.

"ನಾ ನೋಡೀನಿ, ಬರಕೋರಿ," ಎಂದಳು ಆಕೆ. "ನಳಕ್ಕ ಕೊಡ ಹಚ್ಚಿ ನಿಂತಾಕಿ ನಾನೇ. ಸಂತ್ಯಾ ಚುಚ್ಚಿದ್ದು ಕಣ್ಣಾರೆ ನೋಡೀನಿ."

ಬರೆದುಕೊಂಡ ಪೇದೆ ಹೊಸಬ. ಆಕೆಯ ಕಣ್ಣಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಸಂತ್ಯಾ ಎರಡು ದಿನದಲ್ಲಿ ಸಿಕ್ಕ. ಸಣಕಲನ ಹೆಸರು ಕೇಸಿಗೆ ಬರಲಿಲ್ಲ. ಹೇಗೋ ಗೊತ್ತಿಲ್ಲ. ಮುಂದಿನ ವಾರ ಅವನು ಲ್ಯಾಬಿಗೆ ಬಂದ. ಜ್ವರ ಎಂದ, ಚೀಟಿ ಕೊಟ್ಟ, ತೋಳು ಚಾಚಿ ಕುಳಿತ. ನಾನು ನರ ಹುಡುಕತೊಡಗಿದೆ.

"ಮೇಡಂ, ನಿಮ್ಮ ಓಣಿಗಿ ನೀರು ಯಾವಾಗ ಬರ್ತದ್ರಿ?"

ನಾನು ಸ್ಪಿರಿಟ್ಟಿನ ಹತ್ತಿಯಿಂದ ಅವನ ತೋಳು ಒರೆಸಿದೆ.

"ನೀವೇ ತುಂಬ್ತೀರೋ, ಯಾರರೇ ತುಂಬಿ ಕೊಡ್ತಾರೋ?" ಎಂದು ಕೇಳಿ ನಕ್ಕ. "ಮೆಲ್ಲಕ್ರಿ. ಕೈ ನಡಗಾಕತ್ತಾವ ನಿಮ್ಮವು."

ಅವನ ರಕ್ತದಲ್ಲಿ ಏನೂ ಇರಲಿಲ್ಲ. ಎಲ್ಲ ಸರಿಯಾಗಿದೆ ಎಂಬ ರಿಪೋರ್ಟನ್ನು ನಾನೇ ಬರೆದುಕೊಟ್ಟೆ. ಅಂದಿನಿಂದ ನೀರು ಬರುವ ದಿನ ಕೆಳಗೆ ಇಳಿಯುವುದನ್ನು ಬಿಟ್ಟೆ. ಆಕೆಯ ಸೊಸೆ ತುಂಬಿ ತಂದುಕೊಡುತ್ತಿದ್ದಳು.

ನಾನು ಹೋಗಿ ಹೇಳಿಬಿಡುತ್ತೇನೆ ಎಂದು ಆಕೆಯ ಮುಂದೆ ಎರಡು ಸಲ ಅಂದೆ. ನಿಜವಾಗಿ ಹೋಗುವವಳು ಹಾಗೆ ಹೇಳುತ್ತ ಕೂರುವುದಿಲ್ಲ. ಅದು ಆಕೆಗೂ ಗೊತ್ತಿತ್ತು. "ನಿನಗ ಮುಂದ ಬದುಕೋದದ," ಎಂದಳು. "ನನಗ ಅಂವ ಏನ್ ಮಾಡ್ತಾನ? ಇದ್ದ ಮಗ ಹೋಗ್ಯಾನ. ಬರೇ ಒಂದು ಕೆಲಸ ಮಾಡು. ನನಗ ಕಣ್ಣು ಮಾಡಸು. ಸಾಕ್ಷಿ ಹೇಳೋಕಿಗಿ ಕಣ್ಣು ಬೇಕಲ್ಲ?"

ಆಗ ಇಬ್ಬರಿಗೂ ಅದು ಬಹಳ ಬುದ್ಧಿವಂತಿಕೆಯ ಮಾತು ಎನಿಸಿತು. ಕೋರ್ಟಿಗೆ ಕರೆಯುವಷ್ಟರಲ್ಲಿ ಕಣ್ಣು ಚೊಕ್ಕಟವಾದರೆ ಯಾರು ಏನು ಕೇಳಿಯಾರು? ಅಫಜಲಪುರದಲ್ಲಿ ಉಚಿತ ಕಣ್ಣಿನ ಶಿಬಿರವಿತ್ತು. ಆಕೆಯ ತವರು ಕರಜಗಿಯ ತಮ್ಮನ ಮನೆ ಹತ್ತಿರ, ಆಪರೇಷನ್ ಆದ ಮೇಲೆ ಅಲ್ಲೇ ಇರಬಹುದೆಂದು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಶಿಬಿರದಲ್ಲಿ ಜನವೋ ಜನ. ನರ್ಸು ನನ್ನ ಕೈಗೇ ಕಾರ್ಡು ಕೊಟ್ಟು ತುಂಬಲು ಹೇಳಿದಳು. ಹೆಸರು, ಊರು, ವಯಸ್ಸು. ದೃಷ್ಟಿ ಎಷ್ಟು ದಿನದಿಂದ ಮಂದವಾಗಿದೆ? ನಾನು ಬರೆದೆ: ಎರಡು ವರ್ಷ. ಡಾಕ್ಟರು ಬೆರಳು ತೋರಿಸಿ ಪರೀಕ್ಷೆ ಮಾಡಿ, ಮೂರು ಅಡಿಯ ಆಚೆ ಬೆರಳು ಕಾಣುವುದಿಲ್ಲ ಎಂದರು. ಅದನ್ನೂ ಬರೆದೆ, ಕೆಳಗೆ ಆ ದಿನದ ತಾರೀಖು ಹಾಕಿದೆ. ಲ್ಯಾಬಿನಲ್ಲಿ ದಿನಾ ಮಾಡುವ ಕೆಲಸವೇ ಅದು. ಖಾಲಿ ಇದ್ದಲ್ಲಿ ನಿಜ ತುಂಬುವುದು. ರಾಜ್ಯಾ ಸತ್ತು ಒಂದು ತಿಂಗಳೂ ಆಗಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಇಷ್ಟ ಸಣ್ಣ ಹುಡಗಿ ಏನ ನೀನು?" ಎಂದಳು. "ದನಿ ಕೇಳಿ ದೊಡ್ಡಾಕಿ ಅಂದ್ಕೊಂಡಿದ್ದೆ." ಆಮೇಲೆ ಚಹಾ ಸುರಿಯುವಾಗ ಗ್ಲಾಸು ನೋಡಿ ಸುರಿಯತೊಡಗಿದಳು. ಆಗಾಗ ಚೆಲ್ಲುತ್ತಿತ್ತು.

ಕೋರ್ಟಿಗೆ ಕರೆ ಬರಲು ಒಂದು ವರ್ಷದ ಮೇಲಾಯಿತು. ಅಷ್ಟರಲ್ಲಿ ಪಂಚನಾಮೆಗೆ ಸಹಿ ಹಾಕಿದ್ದ ಇಬ್ಬರೂ ತಿರುಗಿಬಿದ್ದಿದ್ದರು. ಉಳಿದವಳು ಆಕೆ ಒಬ್ಬಳೇ. ಹೊಸ ಸೀರೆ ಉಟ್ಟುಕೊಂಡು ಬಂದಳು. ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ಸಣಕಲ ಬಾಗಿಲ ಹತ್ತಿರ ನಿಂತಿದ್ದ.

ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಆಕೆ ತಡವರಿಸದೆ ಹೇಳಿದಳು. ಸಂತ್ಯಾನ ವಕೀಲರು ಎದ್ದರು. ಮೆದು ಮಾತಿನ ಮನುಷ್ಯ.

"ಅಮ್ಮಾ, ವಯಸ್ಸಾಗ್ಯದ. ಕಣ್ಣು ಚಂದ ಕಾಣ್ತಾವೇನ್ರಿ?"

"ಕಾಣ್ತಾವ್ರಿ. ನಿಮ್ಮ ಕೋಟಿನ ಎರಡನೇ ಗುಂಡಿ ಇಲ್ಲ."

ಎಲ್ಲರೂ ನಕ್ಕರು. ವಕೀಲರೂ ನಕ್ಕರು. ಆಕೆಗೆ ಹುರುಪು ಬಂತು.

"ಆಪರೇಷನ್ ಮಾಡಿಸೀನ್ರಿ ಸಾಹೇಬ್ರ. ಸುಳ್ಳಲ್ಲ, ಕಾರ್ಡ್ ಅದ," ಎಂದು ಕುಪ್ಪಸದೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು, ಕಾರ್ಡನ್ನು ತಾನೇ ಅವರ ಕೈಗೆ ಕೊಟ್ಟಳು.

ನಾನು ಎದ್ದು ನಿಂತುಬಿಟ್ಟೆ. ಪಕ್ಕದವರು ಸೆರಗು ಎಳೆದು ಕೂರಿಸಿದರು. ವಕೀಲರು ನನ್ನ ಅಕ್ಷರವನ್ನು ನಿಧಾನವಾಗಿ ಓದಿದರು. ಎರಡು ವರ್ಷದಿಂದ. ಮೂರು ಅಡಿಯ ಆಚೆ. ತಾರೀಖು.

"ಹಂಗಾರ ಅವತ್ತು ನಿಮಗ ಸಂತ್ಯಾ ಕಂಡಿದ್ದು ಹೆಂಗ್ರಿ?"

"ನಾ ಕಿವೀಲೆ ಚಹಾ ಹಾಕ್ತಿದ್ದೆನ್ರಿ. ಕೇಳಿದ್ದೂ ನೋಡಿದಂಗೇ."

ಈ ಸಲವೂ ಕೆಲವರು ನಕ್ಕರು.

"ನಳಕ್ಕ ನಿಂತು ನೀರು ತುಂಬ್ತಿದ್ದವರು ಬ್ಯಾರೆ ಯಾರೋ ಇದ್ದರಲ್ರಿ? ಯಾರು?"

ಆಕೆ ತಲೆಯೆತ್ತಿ ಕೋರ್ಟನ್ನೆಲ್ಲ ನೋಡಿದಳು. ಹೊಸ ಕಣ್ಣು ಒಬ್ಬೊಬ್ಬರನ್ನೇ ದಾಟಿ ಕೊನೆಯ ಬೆಂಚಿಗೆ ಬಂದು ನನ್ನ ಮೇಲೆ ನಿಂತಿತು. ನಾನು ಎದ್ದು ನಿಂತು ಒಂದು ಮಾತು ಅಂದರೆ ಸಾಕಿತ್ತು. ಬಾಗಿಲ ಹತ್ತಿರ ಸಣಕಲ ಕಾಲು ಬದಲಿಸಿದ. ಆಕೆ ಕಾದಳು. ನನಗೆ ಗೊತ್ತು, ಕಾದಳು. ಆಮೇಲೆ ಕಣ್ಣು ತೆಗೆದಳು.

"ನಾನೇ," ಎಂದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಅತ್ತೆ. ಆಕೆ ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತಿದ್ದಳು.

"ಅಳಬ್ಯಾಡ. ಅಂವ ಒಳಗಿದ್ರೂ ಹೊರಗಿದ್ರೂ ಜಾಗ ಖಾಲಿ ಇರೋದಿಲ್ಲ. ಈಗಾಗ್ಲೇ ಮೂರನೇದವ ಬಂದು ಕುಂತಾನ ಅಲ್ಲಿ."

"ಮತ್ತ ನೀ ಯಾಕ ಇಷ್ಟೆಲ್ಲ ಮಾಡಿದಿ ಆಯಿ?"

"ರಾಜ್ಯಾ ನನ್ನ ಕಟ್ಟಿ ಮ್ಯಾಲೆ ಸತ್ತಾನ. ಅವನವ್ವ ದಿನಾ ಬಂದು ಆ ಕಟ್ಟಿ ಮುಟ್ಟಿ ಹೋಗ್ತಾಳ. ಯಾರೂ ನೋಡೇ ಇಲ್ಲ ಅಂದ್ರ, ಅಂವ ಸತ್ತೇ ಇಲ್ಲ ಅಂದಂಗ ಆಗ್ತದ."

ಸಂತ್ಯಾ ಬಿಡುಗಡೆಯಾಗಿ ಬಂದ. ಅದೇ ತಿಂಗಳು ನಾನು ಜೇವರ್ಗಿಯ ಲ್ಯಾಬಿಗೆ ಸೇರಿಕೊಂಡು ಊರು ಬಿಟ್ಟೆ. ಹೊರಡುವ ದಿನ ಅಂಗಡಿಗೆ ಹೋದಾಗ ಅವನು ಬೆಂಚಿನ ಮೇಲಿದ್ದ. ನನ್ನನ್ನು ನೋಡಿ ಸರಿದು ಜಾಗ ಬಿಟ್ಟುಕೊಟ್ಟ. ಹಲಗೆಯ ಮೇಲೆ ಅವನ ಗ್ಲಾಸು ಡಬ್ಬು ಬಿದ್ದಿತ್ತು. ಅಂದು ಹಾಕಿದ್ದನ್ನು ಆಕೆ ಎತ್ತಿರಲಿಲ್ಲ. ಒಲೆಯ ಮಸಿ ಕೂತು ಕಪ್ಪಾಗಿತ್ತು. ಅವನು ದಿನಾ ಬಂದು ಕೂರುತ್ತಿದ್ದ, ಚಹಾ ಕೇಳುತ್ತಿದ್ದ. ಆಕೆ ಪಕ್ಕದವನಿಗೆ ಸುರಿದು ಕಿಟ್ಲಿ ಕೆಳಗಿಡುತ್ತಿದ್ದಳು. ಅವನು ಬೈಯುತ್ತಿರಲಿಲ್ಲ. ಬೇರೆ ಅಂಗಡಿಗೂ ಹೋಗುತ್ತಿರಲಿಲ್ಲ. ಊರಿನಲ್ಲಿ ಅವನಿಗೆ ಆದ ಶಿಕ್ಷೆ ಅಷ್ಟೇ. ಅದನ್ನಾದರೂ ಒಬ್ಬಳು ಕೊಟ್ಟಳು.

ಮೊನ್ನೆ ಸೊಸೆ ಮತ್ತೆ ಫೋನು ಮಾಡಿ ಕೇಳಿದ್ದು ಅದನ್ನೇ. "ಆ ಗ್ಲಾಸಿಂದು ಏನ್ ಮಾಡ್ಲಿರಿ ಮೇಡಂ? ಮಣ್ಣು ಮಾಡಿ ಬರೋದ್ರಾಗ ಅಂವ ಬೆಂಚಿನ ಮ್ಯಾಲೆ ಕುಂತಾನ. ನಾ ಒಬ್ಬಾಕಿ. ಎಷ್ಟ ದಿನ ಇಲ್ಲ ಅನ್ಲಿ?"

ಏನು ಹೇಳಲಿ? ಎತ್ತಬೇಡ ಎನ್ನಲು ನಾನು ಯಾರು? ಎತ್ತು ಎನ್ನಲು ನಾಲಿಗೆ ಬರಲಿಲ್ಲ.

"ಸುಮ್ಮನಿದ್ದೀರಲ್ರಿ," ಎಂದಳು ಆ ಕಡೆಯಿಂದ. "ತಿಳೀತ್ರಿ." ಫೋನು ಇಟ್ಟಳು.

ಆ ಗ್ಲಾಸು ಈಗಾಗಲೇ ತೊಳೆದು, ತುಂಬಿ, ಅವನ ಕೈಯಲ್ಲಿರುತ್ತದೆ. ತೀರ್ಪು ಆಗಿಹೋಗಿದೆ. ಈಗ ನಾನು ಏನು ಹೇಳಿದರೂ ಯಾವ ಕೋರ್ಟಿಗೂ ಬೇಕಾಗಿಲ್ಲ. ಸಣಕಲ ಇದನ್ನು ಓದಿದರೆ ಜೇವರ್ಗಿ ಅವನಿಗೆ ದೂರವೂ ಅಲ್ಲ. ಆದರೂ ಖಾಲಿ ಇದ್ದಲ್ಲಿ ನಿಜ ತುಂಬುವುದು ನನ್ನ ಕೆಲಸ. ಆಕೆಯ ಕಾರ್ಡಿನಲ್ಲಿ ತುಂಬಿದೆ, ನನ್ನದನ್ನು ಬಿಟ್ಟಿದ್ದೆ.

ಅಂದು ಸಂಜೆ ನಾಲ್ಕಕ್ಕೆ ನಳದ ಹತ್ತಿರ ನಿಂತಿದ್ದವಳು ಆಯಿ ಅಲ್ಲ. ನೀಲಿ ಕೊಡ ನನ್ನದು. ರಾಜ್ಯಾ ಸತ್ತದ್ದನ್ನು ನಾನು ನೋಡಿದ್ದೇನೆ.